ಕಾಡಿನ ಲೆಕ್ಕ ಸರಿಯಾಗಲಿ

ಸಕಲೇಶಪುರದ ಮಂಜರಾಬಾದ್ ಕೋಟೆಯ ಮೇಲೆ ನಿಂತು ಸುತ್ತಲೂ ದೃಷ್ಟಿ ಹರಿಸಿದವನಿಗೆ ಎಲ್ಲೆಲ್ಲಿಯೂ ಹಸುರೇ ಕಾಣುವುದು. ಅದರಲ್ಲಿ ಅರಣ್ಯವೆಷ್ಟು, ತೋಟವೆಷ್ಟು ಎಂದು ಕೇಳಿದರೆ ಅವನು ನಿರುತ್ತರನಾಗಬೇಕು. ಆಕಾಶದಿಂದ ನೋಡುವ ಯಂತ್ರದ ಕಣ್ಣಿಗೂ ಇದೇ ತೊಡಕೊದಗಿರುವುದನ್ನು ವಾಚಕ ಮಹಾಶಯರು ಗಮನಿಸಬೇಕು.

1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹವೂ 1988ರಲ್ಲಿ ನಮ್ಮ ದೇಶದ್ದೇ ಆದ ಐ.ಆರ್.ಎಸ್. ಉಪಗ್ರಹವೂ ಮೇಲೇರಿದಂದಿನಿಂದ ಭೂಮಿಯ ಚಿತ್ರಗಳು ಸಂಗ್ರಹವಾಗುತ್ತ ಬಂದಿವೆ. ಇಂಥ ಚಿತ್ರಗಳ ಆಧಾರದಿಂದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು 1987ರಿಂದ ಅರಣ್ಯಸ್ಥಿತಿಯ ವರದಿಗಳನ್ನು ಪ್ರಕಟಿಸುತ್ತಿರುವರು. ಕರಾವಳಿಯ ಕಾಂಡ್ಲಾ ವನಗಳ ಹೆಚ್ಚು ಕಡಮೆಯೂ ಅವುಗಳಲ್ಲಿ ಸೇರಿರುವುದು. ಇದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಲೆಕ್ಕದ ಸೂತ್ರವೇನು? ಒಂದು ಹೆಕ್ಟೇರಿಗೆ ಕಡಮೆಯಿಲ್ಲದ ನೆಲದಲ್ಲಿ ಮರಗಳ ಹರವು ನೂರಕ್ಕೆ 10 ಪಾಲಿದ್ದರೆ, ಒಡೆಯನಾರೇ ಆಗಲಿ, ಮರದ ಜಾತಿ ಯಾವುದೇ ಆಗಲಿ, ಅದು ಅರಣ್ಯಾವರಣವೆನಿಸುವುದು. ಅಂದಮೇಲೆ ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿತೋಟದ ನೆರಳೂ ಕಾಡೇ. ಸಿಲ್ವರ್ ಓಕ್ ಸಾಲೂ ಕಾಡೇ. ಶೋಲೆ ಕಡಿದು ತೋಟವಾದರೆ ನಷ್ಟ ಕಾಣಿಸದು. ಹುಲ್ಲುಗುಡ್ಡಕ್ಕೆ ಅಕೇಶಿಯಾ ನೆಟ್ಟರೆ ಕಾಡು ಹೆಚ್ಚಿತೆನ್ನಬೇಕಾಗುವುದು!

ತೋಟಗಾರರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಕಾಡುಮರಗಳ ನೆರಳಿನ ತೋಟ ಬೋಳು ನೆಲಕ್ಕಿಂತ ಎಷ್ಟೋ ಮೇಲು. ಆದರೆ ತೋಟವನ್ನು ಕಾಡೆಂದು ಬರೆದಿಟ್ಟರೆ ಆನೆಯ ನೆಲೆ ತಪ್ಪಿದ್ದೆಲ್ಲಿ ಎಂಬುದು ತಿಳಿಯುವುದು ಹೇಗೆ? 2013–14ರಲ್ಲಿ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು, ತೊಂದರೆ ನಿಲ್ಲಲಿಲ್ಲ. ಇಂದಿಗೂ ಮುಂಜಾನೆ ತೋಟಕ್ಕೆ ಹೊರಟ ಕೂಲಿಯವನು ಜೀವವನ್ನು ಕೈಯಲ್ಲಿ ಹಿಡಿದು ನಡೆಯುತ್ತಾನೆ. 1979ರ ಹೇಮಾವತಿ ಜಲಾಶಯದಿಂದ 2024ರಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆತ ಎತ್ತಿನಹೊಳೆಯವರೆಗೆ ಒಂದೊಂದು ಕಾಮಗಾರಿಯೂ ಎಷ್ಟು ನೆಲವನ್ನು, ಯಾವ ದಾರಿಯನ್ನು ತೆಗೆದುಕೊಂಡಿತೆಂಬುದನ್ನು ನಕ್ಷೆಯಲ್ಲಿ ತೋರಿಸಬೇಡವೇ?

ಸಾಧನಗಳಿಗೆ ಕೊರತೆಯಿಲ್ಲ. ಸರ್ವೆ ಇಲಾಖೆಯ ಹಳೆಯ ನಕ್ಷೆಗಳಿವೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ನಮ್ಮ ಅರಣ್ಯ ಇಲಾಖೆಯೊಡನೆ ಕೂಡಿ 1982ರಿಂದ ಪ್ರಕಟಿಸಿದ ಅರಣ್ಯ ನಕ್ಷೆಗಳಿವೆ. ಉಪಗ್ರಹ ಚಿತ್ರಗಳಂತೂ ಇದ್ದೇ ಇವೆ. ಇವುಗಳನ್ನು ಒಂದರ ಮೇಲೊಂದಿಟ್ಟು ನಿತ್ಯಹರಿದ್ವರ್ಣ ಕಾಡು, ಶೋಲೆ, ಹುಲ್ಲುಗಾವಲು, ತೋಟ, ನೆಡುತೋಪುಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಬೇಕು. ಮಳೆಗಾಲದ ಮೋಡ ಕಳೆದ ಮೇಲಿನ ಚಿತ್ರಗಳನ್ನೇ ಆಯ್ದು, ಸಂಶಯ ಬಂದಲ್ಲಿ ಅಧಿಕಾರಿಗಳು ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು. ಆ ನಕ್ಷೆ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರತಕ್ಕದ್ದು. ಅದು ಸಿದ್ಧವಾಗುವ ತನಕ ಈ ಬೆಟ್ಟಗಳಲ್ಲಿ ಹೊಸ ಕಾಮಗಾರಿಗೆ ಅನುಮತಿ ಕೊಡಬಾರದೆಂದು ಸರಕಾರದವರನ್ನು ಒತ್ತಾಯಪಡಿಸುತ್ತೇವೆ.