ಫ್ರಾಂಚೈಸಿ ಕರಾರು: ಮುಕ್ತಾಯದ ಷರತ್ತುಗಳತ್ತ ಗಮನವಿರಲಿ

ಫ್ರಾಂಚೈಸಿ ಪಡೆಯುವ ವರ್ತಕರು ಪ್ರವೇಶ ಶುಲ್ಕ ಹಾಗೂ ರಾಯಲ್ಟಿ ದರಗಳ ಬಗ್ಗೆ ಚೌಕಾಸಿ ಮಾಡುವುದುಂಟು. ಆದರೆ ಅಧಿಕಾರ ಯಾರದು, ಕರಾರು ಮುಗಿಯುವುದು ಹೇಗೆ ಎಂಬ ಅಂಶಗಳನ್ನು ಪರಿಶೀಲಿಸುವವರು ವಿರಳ.

ಮೆಕ್‌ಡೊನಾಲ್ಡ್ಸ್ ಕಂಪನಿಯು 1995ರಲ್ಲಿ ಉತ್ತರ ಹಾಗೂ ಪೂರ್ವ ಭಾರತಕ್ಕಾಗಿ ವಿಕ್ರಮ್ ಬಕ್ಷಿಯವರೊಡನೆ ಸಮಪಾಲಿನ ಜಂಟಿ ಉದ್ಯಮ ಸ್ಥಾಪಿಸಿತು. 2013ರಲ್ಲಿ ಬಕ್ಷಿಯವರು ವ್ಯವಸ್ಥಾಪಕ ನಿರ್ದೇಶಕ ಸ್ಥಾನ ಕಳೆದುಕೊಂಡಾಗ ವ್ಯಾಜ್ಯ ಆರಂಭವಾಯಿತು. 2017ರಲ್ಲಿ ಕಂಪನಿಯು 169 ಮಳಿಗೆಗಳ ಫ್ರಾಂಚೈಸಿಯನ್ನು ರದ್ದುಪಡಿಸಿತು. 2019ರಲ್ಲಿ ಅವರ ಪಾಲನ್ನು ಖರೀದಿಸಿತು. ಕರ್ನಾಟಕವೂ ಸೇರಿದ ಪಶ್ಚಿಮ ಮತ್ತು ದಕ್ಷಿಣ ಭಾರತದಲ್ಲಾದರೋ ಜಂಟಿ ಉದ್ಯಮವು ಪರವಾನಗಿ ಪದ್ಧತಿಗೆ ಬದಲಾಯಿತು. ಅಲ್ಲಿ ಬಂಡವಾಳ ಮತ್ತು ಆಡಳಿತ ಸ್ಥಳೀಯ ಸಂಸ್ಥೆಯದು, ಕಂಪನಿಗೆ ಸಲ್ಲುವುದು ರಾಯಲ್ಟಿ. ಪಾಲು ಸಮವಾಗಿದ್ದು ಅಂತಿಮ ಅಧಿಕಾರ ಅಸ್ಪಷ್ಟವಾಗಿದ್ದರೆ ವ್ಯಾಪಾರವೇ ಸ್ತಬ್ಧವಾಗುತ್ತದೆ.

ಫ್ರಾಂಚೈಸಿಗಾಗಿ ನಮ್ಮಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಅಧಿನಿಯಮವೇ ಮುಖ್ಯ ಆಧಾರ. ಅದರ 27ನೇ ಕಲಮು ವ್ಯಾಪಾರ ಪ್ರತಿಬಂಧಕ ಕರಾರುಗಳನ್ನು ಅನೂರ್ಜಿತಗೊಳಿಸುತ್ತದೆ. ಆದರೂ ಕರಾರಿನ ಅವಧಿಯಲ್ಲಿ ಪ್ರತಿಸ್ಪರ್ಧಿಯ ಸರಕನ್ನು ನಿರ್ವಹಿಸಬಾರದೆಂಬ ಷರತ್ತು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕ ಕೋಲ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದ್ದರಿಂದ "ಕಾನೂನು ರಕ್ಷಿಸುತ್ತದೆ" ಎಂಬ ಭರವಸೆಯಿಂದ ಸಹಿ ಹಾಕುವುದು ಸಲ್ಲದು.

ರದ್ದತಿಯ ಕಾರಣಗಳು, ನೋಟಿಸಿನ ಅವಧಿ, ಉಳಿದ ದಾಸ್ತಾನಿನ ಮರುಖರೀದಿ, ಠೇವಣಿಯ ಮರುಪಾವತಿ, ಪಂಚಾಯಿತಿ ನಡೆಯುವ ಊರು ಇವೆಲ್ಲ ಬರಹದಲ್ಲಿರಬೇಕು. ಮಳಿಗೆಯ ಬಾಡಿಗೆ ಕರಾರು ಒಂಬತ್ತು ವರ್ಷದ್ದಾಗಿದ್ದು ಫ್ರಾಂಚೈಸಿ ಐದೇ ವರ್ಷದ್ದಾದರೆ, ಉಳಿದ ನಾಲ್ಕು ವರ್ಷಗಳ ಹೊರೆ ವರ್ತಕರದೇ. ಹೂಡಿಕೆ ಹಿಂತಿರುಗುವ ಕಾಲಾವಧಿಗಿಂತ ಕಡಿಮೆ ಅವಧಿಯ ಫ್ರಾಂಚೈಸಿಯನ್ನು ಒಪ್ಪದಿರುವುದೇ ವಿವೇಕ.