ಯುಡಿಐಡಿ ನವೀಕರಣ: ಫಾರ್ಮ್ ನೀವೇ ತುಂಬಿ

ಮೇವು ಕತ್ತರಿಸೋ ಯಂತ್ರಕ್ಕೆ ಬೆರಳು ಕೊಟ್ಟವರು, ಟ್ರ್ಯಾಕ್ಟರ್ ಮಗುಚಿ ಕಾಲು ಕಳಕೊಂಡವರು ನಮ್ಮ ಹಳ್ಳಿಗಳಲ್ಲಿ ಕಮ್ಮಿ ಏನಿಲ್ಲ. ಅವರ ಅಂಗವೈಕಲ್ಯ ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ, ಅವಧಿ ಮುಗಿದ ಮೇಲೆ ಯುಡಿಐಡಿ ಕಾರ್ಡ್ ನವೀಕರಿಸಬೇಕು. ಆಗ ಎಲ್ಲರೂ ಓಡೋದು ಪೇಟೆಯ ಸೈಬರ್ ಅಂಗಡಿಗೆ. ನನ್ನ ಪ್ರಕಾರ ಅದು ತಪ್ಪು.

ನಮ್ಮ ದೊಡ್ಡಪ್ಪನ ಅರ್ಜಿಗೆ ಅಂಗಡಿಯವನು ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ಒಟಿಪಿ, ಸಂದೇಶ ಎಲ್ಲಾ ಅವನ ಫೋನಿಗೇ. ಅವಧಿ ಮುಗಿದದ್ದು ದೊಡ್ಡಪ್ಪನಿಗೆ ಗೊತ್ತಾಗಿದ್ದು ಬಸ್ ಪಾಸ್ ಮಾಡಿಸೋಕೆ ಹೋದಾಗ!

"ಪರ್ಸೆಂಟೇಜ್ ಜಾಸ್ತಿ ಮಾಡಿಸ್ತೀನಿ" ಅಂತ ದುಡ್ಡು ಕೇಳೋರನ್ನಂತೂ ನಂಬಲೇಬೇಡಿ. 2016ರ ಕಾಯ್ದೆಯಡಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು ನಿಜ. ಆದರೆ ಅದನ್ನು ನಿರ್ಧರಿಸೋದು ಆಸ್ಪತ್ರೆಯ ವೈದ್ಯರು, ಫಾರ್ಮ್ ತುಂಬಿದವರಲ್ಲ.

ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೋ ಹಾಕೋ ನಮಗೆ ಇದೇನು ಕಷ್ಟ? ಆಧಾರ್, ಫೋಟೋ, ಹಳೇ ಪ್ರಮಾಣಪತ್ರ ಸ್ಕ್ಯಾನ್ ಮಾಡಿಟ್ಟುಕೊಂಡು ಸ್ವಾವಲಂಬನ್ ಕಾರ್ಡ್ ಜಾಲತಾಣ ತೆರೆಯಿರಿ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ, ನಂಬರ್ ಮನೆಯದೇ ಇರಲಿ. ಕೊನೆಗೆ ಬರೋ ಅರ್ಜಿ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಡಿ.

ವೈದ್ಯರ ಮುಂದೆ "ಹೆಂಗೋ ನಡೀತದೆ ಸಾರ್" ಅನ್ನೋ ಸಂಕೋಚ ಬೇಡ. ಹಾಲು ಕರೆಯೋಕೆ ಆಗಲ್ಲ, ಸ್ಪ್ರೇಯರ್ ಹೊರೋಕೆ ಆಗಲ್ಲ ಅಂದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಹೆಚ್ಚೂ ಬೇಡ, ಕಮ್ಮಿಯೂ ಬೇಡ.

ಓದೋಕೆ ಬರದ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸಾಲೂ ಓದಿ ಹೇಳಿ ತುಂಬಿ. ಅವರ ಬದುಕಿನ ಲೆಕ್ಕ ಅವರಿಗೆ ಗೊತ್ತಿರಲಿ.