ಲೂಯಿಸಿಯಾನಾದ ಚೆಂಡಾಟವೂ ಕರಾರು ಪತ್ರವೂ

ಅಮೇರಿಕ ಸಂಯುಕ್ತ ಸಂಸ್ಥಾನಗಳ ಪೈಕಿ ದಕ್ಷಿಣದಲ್ಲಿರುವ ಲೂಯಿಸಿಯಾನಾದ ಸರಕಾರಿ ವಿಶ್ವವಿದ್ಯಾನಿಲಯವು ತನ್ನ ಕಾಲ್ಚೆಂಡು ತಂಡದ ಮುಖ್ಯ ತರಬೇತುದಾರರಾದ ಬ್ರಯನ್ ಕೆಲಿಯವರನ್ನು 2025ನೆಯ ಇಸವಿ ಅಕ್ಟೋಬರ್ 26ರಂದು ಕೆಲಸದಿಂದ ತೆಗೆದು, ನವೆಂಬರ್ 30ರಂದು ನೆರೆಯ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ಲೇನ್ ಕಿಫಿನ್ನರನ್ನು ಆ ಸ್ಥಾನಕ್ಕೆ ಕರೆತಂದಿತು. ಚೆಂಡಾಟದ ಸುದ್ದಿಗೆ ಸಂಪಾದಕೀಯದಲ್ಲೇನು ಕೆಲಸವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ವಿದ್ಯಾದಾನಕ್ಕೆಂದು ಸ್ಥಾಪಿತವಾದ ಸರಕಾರಿ ಸಂಸ್ಥೆಯೊಂದು, ಇನ್ನು ಮುಂದೆ ತನ್ನ ಕೆಲಸ ಮಾಡದ ಒಬ್ಬ ಮನುಷ್ಯನಿಗೆ ಸುಮಾರು 5.4 ಕೋಟಿ ಡಾಲರುಗಳನ್ನು ತೆರಬೇಕಾಗಿ ಬಂದ ಸಂಗತಿಯು ಯಾವ ದೇಶದ ಪ್ರಜೆಗಾದರೂ ವಿಚಾರಾರ್ಹವೇ ಎಂದು ನಾವು ತಿಳಿಯುತ್ತೇವೆ.

ನಮ್ಮವರು ಕಾಲ್ಚೆಂಡೆಂದು ತಿಳಿದಿರುವ ಆಟ ಇದಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಆಟವಿದು; ಕಾಲಿಗೆ ಇದರಲ್ಲಿ ಕೆಲಸ ಸ್ವಲ್ಪವೇ. ಬ್ಯಾಟನ್ ರೂಜ್ ಪಟ್ಟಣದಲ್ಲಿರುವ ಈ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1,02,321 ಜನರಿಗೆ ಸ್ಥಳವುಂಟು. ಅದರ ತಂಡವು 1958, 2003, 2007 ಮತ್ತು 2019ರಲ್ಲಿ ರಾಷ್ಟ್ರದ ಅಗ್ರಪದವಿಯನ್ನು ಗಳಿಸಿತು. ಕೆಲಿಯವರಿಗೆ ಹಿಂದಿನ ಮೂವರು, ಸೇಬನ್, ಮೈಲ್ಸ್, ಓರ್ಜೆರಾನ್, ಒಬ್ಬೊಬ್ಬರೂ ಒಂದೊಂದು ಸಲ ಆ ಪದವಿಯನ್ನು ತಂದವರು. ಇದೇ ಕೆಲಿಯವರಿಗೆ ಕಂಟಕವಾಯಿತು. 2021ರ ಕೊನೆಯಲ್ಲಿ ನಾಟರ್ ಡೇಮ್ ವಿದ್ಯಾಪೀಠದಿಂದ ಅವರನ್ನು ಹತ್ತು ವರ್ಷಕ್ಕೆ 9.5 ಕೋಟಿ ಡಾಲರುಗಳ ಕರಾರಿನ ಮೇಲೆ ಕರೆಸಲಾಗಿತ್ತು. 34 ಪಂದ್ಯಗಳಲ್ಲಿ ಗೆದ್ದು 14ರಲ್ಲಿ ಸೋತರು. ಬೇರೆ ಕಡೆಯಾಗಿದ್ದರೆ ಇದು ಮರ್ಯಾದೆಯ ಲೆಕ್ಕವೇ. ಆದರೆ ಅಕ್ಟೋಬರ್ 25ರಂದು ಸ್ವಂತ ಅಂಗಣದಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡಕ್ಕೆ 49ಕ್ಕೆ 25ರಂತೆ ಸೋತೊಡನೆ, ಮರುದಿನವೇ ಅವರ ಉದ್ಯೋಗ ಹೋಯಿತು.

ಉದ್ಯೋಗ ಹೋಯಿತು, ಸಂಬಳ ಹೋಗಲಿಲ್ಲ. ಕಾರಣ ತೋರಿಸದೆ ತೆಗೆದರೆ ಉಳಿದ ವರ್ಷಗಳ ವೇತನದಲ್ಲಿ ನೂರಕ್ಕೆ 90ರಷ್ಟನ್ನು ಕೊಡತಕ್ಕದ್ದೆಂದು ಕರಾರಿನಲ್ಲಿ ಬರೆದಿತ್ತು. ಗವರ್ನರ್ ಜೆಫ್ ಲ್ಯಾಂಡ್ರಿಯವರು ಇದನ್ನು ಕಂಡು ಕೆರಳಿ, ಕ್ರೀಡಾಧ್ಯಕ್ಷ ಸ್ಕಾಟ್ ವುಡ್‌ವರ್ಡ್‌ರು ಮುಂದಿನ ತರಬೇತುದಾರನನ್ನು ಆರಿಸಕೂಡದು, ಅವರಿಗಿಂತ ಮೊದಲು ಅಧ್ಯಕ್ಷ ಟ್ರಂಪರಿಗೇ ಆ ಕೆಲಸವನ್ನು ಒಪ್ಪಿಸಿಯೇನು ಎಂದು ಬಹಿರಂಗವಾಗಿ ಸಾರಿದರು. ಈ ವುಡ್‌ವರ್ಡ್‌ರೇ ಹಿಂದೆ ಟೆಕ್ಸಾಸಿನಲ್ಲಿದ್ದಾಗ ಜಿಂಬೋ ಫಿಷರರನ್ನು ನೇಮಿಸಿದ್ದರು. 2023ರಲ್ಲಿ ಫಿಷರರನ್ನು ಬಿಡಿಸಲು ಆ ವಿಶ್ವವಿದ್ಯಾನಿಲಯಕ್ಕೆ 7.5 ಕೋಟಿ ಡಾಲರಿಗೂ ಮೇಲ್ಪಟ್ಟ ಮೊಬಲಗು ತಗಲಿತು. (ಆ ಕರಾರನ್ನು 2021ರಲ್ಲಿ ಬೆಳೆಸಿದವರು ವುಡ್‌ವರ್ಡ್‌ರ ನಂತರ ಬಂದವರೆಂಬುದನ್ನೂ ಹೇಳುವುದು ನ್ಯಾಯ.) ಗವರ್ನರರ ಮಾತಿನ ಮರುದಿನವೇ ವುಡ್‌ವರ್ಡ್‌ರು ಹೊರನಡೆದರು. ಬಳಿಕ, ಕೆಲಿಯವರನ್ನು ಕ್ರಮಬದ್ಧವಾಗಿ ತೆಗೆದೇ ಇಲ್ಲವೆಂದೊಂದು ವಾದ ಹುಟ್ಟಿತು. ಕೆಲಿಯವರು ದಾವೆ ಹೂಡಿದರು. ನವೆಂಬರ್ ಮುಗಿಯುವುದರೊಳಗಾಗಿ ವಿಶ್ವವಿದ್ಯಾನಿಲಯವು ಪೂರ್ತಿ ಹೊಣೆಯನ್ನು ಒಪ್ಪಿಕೊಂಡಿತು. ಸೋತವರಿಗೆ ಬಹುಮಾನ ಕೊಟ್ಟು ತೆರಿಗೆದಾರರ ಮೇಲೆ ಭಾರ ಹೇರುವುದು ಸಾಕಾಗಿದೆ, ಇನ್ನು ಮೇಲೆ ಫಲವನ್ನು ನೋಡಿ ವೇತನವಿರಬೇಕೆಂದು ಗವರ್ನರರು ಹೇಳಿದ್ದರಲ್ಲಿ ನಮಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ಆ ಸಂಸ್ಥಾನದಲ್ಲಿ ರಾಜ್ಯಾಧಿಕಾರಿಗಳು ಚೆಂಡಾಟದಲ್ಲಿ ಕೈಹಾಕುವುದು ಹೊಸದೇನಲ್ಲ. ಗವರ್ನರರಾಗಿದ್ದು ಸೆನೆಟಿಗೆ ಹೋದ ಹ್ಯೂಯಿ ಲಾಂಗರು 1934ರ ಡಿಸೆಂಬರಿನಲ್ಲಿ, ಆರೆಗನ್ ತಂಡದೊಡನೆ ಪಂದ್ಯ ನಡೆಯುತ್ತಿದ್ದಾಗ, ವಿರಾಮದ ಹೊತ್ತಿನಲ್ಲಿ ಆಟಗಾರರಿಗೆ ತಾವೇ ಉಪದೇಶ ಮಾಡುವೆನೆಂದು ಬಂದರು. ತರಬೇತುದಾರರಾಗಿದ್ದ ಸೈನ್ಯಾಧಿಕಾರಿ ಬಿಫ್ ಜೋನ್ಸರು ಬಾಗಿಲಲ್ಲೇ ತಡೆದರು. ತಂಡವೇನೋ ಒಂದಂಕದಿಂದ ಗೆದ್ದಿತು. ಜೋನ್ಸರು ಮಾತ್ರ ರಾಜೀನಾಮೆ ಕೊಟ್ಟು ಹೋದರು. ಅವರಿಗೆ ಕೋಟಿಗಳ ಕರಾರಿರಲಿಲ್ಲ.

ಈಗ ಹೊಸ ದಾರಿಯ ವಿಚಾರ. ಕಿಫಿನ್ನರು ಹೊರಟಾಗ ಅವರ ಮಿಸಿಸಿಪ್ಪಿ ತಂಡವು 12ರಲ್ಲಿ 11 ಪಂದ್ಯಗಳನ್ನು ಗೆದ್ದು ರಾಷ್ಟ್ರೀಯ ಸ್ಪರ್ಧೆಯ ಹೊಸ್ತಿಲಲ್ಲಿತ್ತು. ಸ್ಪರ್ಧೆ ಮುಗಿಸಿ ಹೋಗುವೆನೆಂದರೆ ಆ ವಿಶ್ವವಿದ್ಯಾನಿಲಯ ಒಪ್ಪಲಿಲ್ಲ, ಒಪ್ಪದಿದ್ದುದು ಸಹಜವೇ. ಪೀಟ್ ಗೋಲ್ಡಿಂಗರ ಕೈಕೆಳಗೆ ಆ ಹುಡುಗರು ಎರಡು ಪಂದ್ಯಗಳನ್ನು ಗೆದ್ದು ಉಪಾಂತ್ಯದವರೆಗೆ ಹೋದರು. ಆ ಗೆಲುವುಗಳಿಗೆ ಸಲ್ಲಬೇಕಾದ ಇನಾಮನ್ನು ಬಿಟ್ಟುಹೋದ ಕಿಫಿನ್ನರಿಗೆ ಕೊಡಲು ಲೂಯಿಸಿಯಾನಾದವರು ಒಪ್ಪಿದ್ದರೆಂಬುದನ್ನು ಓದಿ ನಾವು ನಗಬೇಕೋ ಅಳಬೇಕೋ ತಿಳಿಯದಾದೆವು.

ಆದರೂ ದೋಷವನ್ನೆಲ್ಲ ಆ ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ಪ್ರೌಢಶಾಲೆಯ ಹುಡುಗರು ಕಾಲೇಜುಗಳಿಗೆ ಸಹಿ ಹಾಕುವ ಕಾಲ ಆ ವರ್ಷ ಡಿಸೆಂಬರ್ 3ಕ್ಕೆ ಮೊದಲಾಗುತ್ತಿತ್ತು. ಒಂದು ಕಾಲೇಜಿನ ಆಟಗಾರರು ಮತ್ತೊಂದಕ್ಕೆ ದಾಟುವ ಅವಧಿ 2026ರ ಜನವರಿ 2ರಿಂದ 16ರವರೆಗೆ. ರಾಷ್ಟ್ರೀಯ ಸ್ಪರ್ಧೆಯಾದರೋ ಜನವರಿ 19ರವರೆಗೆ! ಸ್ಪರ್ಧೆ ಮುಗಿಯಲೆಂದು ಕಾದು ಕುಳಿತ ಕಾಲೇಜಿಗೆ ಆಟಗಾರರೇ ದೊರೆಯರು. ಇಂಥ ಪಂಚಾಂಗವನ್ನು ರಚಿಸಿದವರು ತರಬೇತುದಾರರಿಗೆ ನಿಷ್ಠೆಯ ಪಾಠ ಹೇಳಲು ಅರ್ಹರಲ್ಲ. ಇದಲ್ಲದೆ 2025ರ ಜುಲೈ 1ರಿಂದ ಪ್ರತಿಯೊಂದು ವಿದ್ಯಾಪೀಠವೂ ತನ್ನ ಆಟಗಾರರಿಗೆ ಆ ವರ್ಷದಲ್ಲಿ 2.05 ಕೋಟಿ ಡಾಲರುಗಳವರೆಗೆ ನೇರವಾಗಿ ಹಂಚಬಹುದೆಂದು ನ್ಯಾಯಾಲಯದ ಒಪ್ಪಂದವಾಗಿದೆ. ಬೆವರು ಸುರಿಸುವ ಹುಡುಗರಿಗೆ ಕೂಲಿ ದೊರೆತುದು ಒಳ್ಳೆಯದೇ. ಅದು ಬಹಳ ಹಿಂದೆಯೇ ದೊರೆಯಬೇಕಾಗಿತ್ತು. ಆದರೆ ನಾಲ್ಕು ವರ್ಷ ಹುಡುಗರನ್ನು ಸಾಕಿ ಬೆಳೆಸುತ್ತಿದ್ದ ಪದ್ಧತಿ ಹೋಗಿ, ವರ್ಷಕ್ಕೊಮ್ಮೆ ಸಂತೆಯಲ್ಲಿ ತಂಡವನ್ನು ಕೂಡಿಸುವ ಪದ್ಧತಿ ಬಂದಿದೆ. ಇದರಲ್ಲಿ ನಿಪುಣರೆಂದೇ ಕಿಫಿನ್ನರಿಗೆ ಹೆಸರು, ಇದಕ್ಕಾಗಿಯೇ ಅವರಿಗೆ ಕರೆ.

ಹಣ ಯಾರದು? ಖಜಾನೆಯದಲ್ಲ, ಟಿಕೆಟು ಮಾರಾಟ, ದೂರದರ್ಶನ ಮತ್ತು ದಾನಿಗಳಿಂದ ಬಂದುದೆಂದು ಕ್ರೀಡಾಶಾಖೆಯ ಪರವಾಗಿ ವಾದಿಸುವವರುಂಟು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಕರಾರಿನ ಮೇಲೆ ಬಿದ್ದಿರುವ ಮುದ್ರೆ ದಾನಿಗಳದಲ್ಲ, ವಿಶ್ವವಿದ್ಯಾನಿಲಯದ್ದು. ನಾಳೆ ದಾನಿಗಳು ಕೈಯೆತ್ತಿದರೆ ಕೋರ್ಟಿನ ಸಮನ್ಸು ಯಾರ ಬಾಗಿಲಿಗೆ ಬರುವುದು? ಕೆಲಿಯವರು ದಾವೆ ಹೂಡಿದಾಗ ಯಾವ ದಾನಿಯನ್ನೂ ಪ್ರತಿವಾದಿಯಾಗಿ ಹೆಸರಿಸಲಿಲ್ಲ.

ಇಷ್ಟು ಪೆಟ್ಟು ತಿಂದ ಮೇಲಾದರೂ ಹೊಸ ಕರಾರು ಹೇಗಿದೆ? ಏಳು ವರ್ಷ; ವರ್ಷಕ್ಕೆ ಸುಮಾರು 1.3 ಕೋಟಿ ಡಾಲರು. ಕಾರಣವಿಲ್ಲದೆ ತೆಗೆದರೆ ಉಳಿದುದರಲ್ಲಿ ನೂರಕ್ಕೆ 80. ಕೆಲಿಯವರಾದರೂ ಬೇರೆ ಉದ್ಯೋಗ ಹುಡುಕಬೇಕು, ಅಲ್ಲಿನ ಸಂಪಾದನೆಯನ್ನು ಈ ಬಾಕಿಯಲ್ಲಿ ಮುರಿದುಕೊಳ್ಳಬೇಕು ಎಂಬ ಷರತ್ತಿತ್ತು. ಕಿಫಿನ್ನರಿಗೆ ಆ ಷರತ್ತೂ ಇಲ್ಲ. ಅಕ್ಟೋಬರಿನಲ್ಲಿ ಗುಡುಗಿದ ಗವರ್ನರರು ನವೆಂಬರಿನಲ್ಲಿ ಇದಕ್ಕೆ ಅಡ್ಡ ಬರಲಿಲ್ಲ. ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯ ಸದಸ್ಯರಲ್ಲಿ ಒಬ್ಬರನ್ನುಳಿದು ಎಲ್ಲರೂ ಗವರ್ನರರಿಂದಲೇ ನಿಯಮಿತರಾಗತಕ್ಕವರೆಂಬುದನ್ನು ನೆನೆದರೆ ಈ ಮೌನವು ಸಾಮಾನ್ಯವಾದುದಲ್ಲ. ಮಂಡಲಿಯು ಈಗಲೂ ಒಂದು ಕೆಲಸ ಮಾಡಬಹುದು: ಈ ಮೊಬಲಗಿಗೆ ತಾವೇ ಜಾಮೀನೆನ್ನುವ ದಾನಿಗಳಿಂದ ಮುಚ್ಚಳಿಕೆ ಬರೆಯಿಸಿಕೊಂಡು, ಅವರ ಹೆಸರುಗಳನ್ನು ಕರಾರಿನ ಜೊತೆಯಲ್ಲಿಯೇ ಪ್ರಕಟಿಸಲಿ.